ಗಿಳಿ ಅಡಕತ್ತರಿ: ಬಳಸುವವರ ಕೈಪಿಡಿ

ಅಭಿನಂದನೆಗಳು. ಈ ಅಡಕತ್ತರಿ ನಿಮ್ಮ ಕೈ ಸೇರಿದೆ ಎಂದರೆ ಒಂದೋ ನಾನು ಸತ್ತಿರಬೇಕು, ಇಲ್ಲವೇ ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಮರೆತು ಬಂದಿರಬೇಕು. ಎರಡನೆಯದಾದರೆ ದಯವಿಟ್ಟು ವಾಪಸು ಕೊಡಿ. ಮೊದಲನೆಯದಾದರೆ ಮುಂದೆ ಓದಿ.

ಮಿಕ್ಸಿ ಕೊಂಡರೆ ಅದರ ಜೊತೆ ಹತ್ತು ಭಾಷೆಯ ಪುಸ್ತಕ ಬರುತ್ತದೆ. ಅದನ್ನು ಯಾರೂ ಓದುವುದಿಲ್ಲ, ಓದದೆಯೇ ಚಟ್ನಿ ಆಗುತ್ತದೆ. ನಾಲ್ಕು ತಲೆಮಾರು ಬಾಳಿದ ಸಾಮಾನಿಗೆ ಮಾತ್ರ ಒಂದು ಚೀಟಿಯೂ ಇರುವುದಿಲ್ಲ. ಅಮ್ಮಮ್ಮ ಇದನ್ನು ನನಗೆ ಕೊಡುವಾಗ ಹೇಳಿದ್ದು ಎರಡೇ ಪದ: 'ಬೆರಳು ಜೋಪಾನ.' ಆ ಎರಡು ಪದವನ್ನು ಹಿಗ್ಗಿಸಿ ಬರೆದದ್ದು ಈ ಕೈಪಿಡಿ.

ಪೆಟ್ಟಿಗೆಯಲ್ಲಿ ಏನೇನಿದೆ

ಪೆಟ್ಟಿಗೆ ಇಲ್ಲ. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ಒಂದು ಅಡಕತ್ತರಿ ಇದೆ. ಮೇಲಿನ ಹಿಡಿ ಹಿತ್ತಾಳೆಯ ಗಿಳಿ. ಕೆಳಗಿನದು ತುದಿಯಲ್ಲಿ ಮೊಗ್ಗು ಇರುವ ಬರೀ ಸರಳು. ಗಿಳಿಯ ಹೊಟ್ಟೆಗೆ ಎರಡು ಮೊಳೆಯಿಂದ ಜಡಿದ ಕಬ್ಬಿಣದ ಅಲಗು, ಎದೆಯಲ್ಲಿ ಎರಡೂ ಹಿಡಿಗಳನ್ನು ಕೂಡಿಸುವ ಒಂದು ತಿರುಗುಮೊಳೆ. ಉದ್ದ ಒಂದು ಗೇಣಿಗೆ ಎರಡು ಬೆರಳು ಕಡಿಮೆ. ನಿಮ್ಮ ಕಡೆ ಇದನ್ನು ಅಡಕೊತ್ತು ಎಂದೋ ಅಡಿಕೆ ಕತ್ತರಿ ಎಂದೋ ಕರೆಯುತ್ತಿರಬಹುದು. ಹೆಸರು ಬದಲಾಯಿಸಿದರೆ ಗ್ಯಾರಂಟಿ ರದ್ದಾಗುವುದಿಲ್ಲ, ಯಾಕೆಂದರೆ ಗ್ಯಾರಂಟಿಯೇ ಇಲ್ಲ.

ಮುನ್ನೆಚ್ಚರಿಕೆ

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಆದ್ದರಿಂದ ಈ ಕೈಪಿಡಿಯಲ್ಲಿ 'ಕತ್ತರಿಸಿ' ಎಂದು ಬೇಕಾದಷ್ಟು ಕಡೆ ಇದೆ, 'ತಿನ್ನಿ' ಎಂದು ಎಲ್ಲೂ ಇಲ್ಲ. ಅಡಿಕೆ ತೋಟದ ಮನೆಯ ಮೊಮ್ಮಗುವಾಗಿ ಈ ಪ್ಯಾರಾ ಬರೆಯುವುದು ಕಷ್ಟದ ಕೆಲಸ. ಮಾವಂದಿರು ನೇರ ಮುಂದಿನ ಭಾಗಕ್ಕೆ ಹೋಗಬಹುದು.

ಹಂತ 1: ಹಿಡಿಯಿರಿ

ನೋಡುವುದು ಆಮೇಲೆ. ಕಣ್ಣು ಮುಚ್ಚಿ ಹಿಡಿದರೆ ಇನ್ನೂ ಒಳ್ಳೆಯದು.

ಹೈಸ್ಕೂಲಿನಲ್ಲಿ ಲೋಯರ್ ಡ್ರಾಯಿಂಗ್ ಪರೀಕ್ಷೆಗೆ ಕೂತಾಗ ನಮ್ಮ ಮೇಷ್ಟ್ರು ಕಲೆಯ ಮೂಲಾಂಶಗಳನ್ನು ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆಸಿದ್ದರು: ರೇಖೆ, ಆಕಾರ, ಘನರೂಪ, ಅವಕಾಶ, ಬಣ್ಣ, ಛಾಯೆ, ಮೈವಳಿಕೆ. ಮೈವಳಿಕೆ ಕಟ್ಟಕಡೆಗೆ. ಬಾಯಿಪಾಠ ಮಾಡಿದೆ, ಪಾಸಾದೆ, ಆ ಏಳರಲ್ಲಿ ಒಂದನ್ನೂ ಎಲ್ಲೂ ಕಂಡವನಲ್ಲ. ಅಡಕತ್ತರಿ ಆ ಪಟ್ಟಿಯನ್ನು ಬುಡಮೇಲು ಮಾಡುತ್ತದೆ. ಮಳೆಗಾಲದ ಸಂಜೆ, ಕರೆಂಟು ಹೋದ ಜಗಲಿಯಲ್ಲಿ ಅಮ್ಮಮ್ಮ ಕವಳದ ಸಂಚಿಯೊಳಗೆ ಕೈ ಹಾಕಿದರೆ ಸುಣ್ಣದ ಡಬ್ಬಿ ಯಾವುದು, ಲವಂಗದ ಕರಡಿಗೆ ಯಾವುದು, ಅಡಕತ್ತರಿ ಯಾವುದು ಎಂದು ಅವಳಿಗೆ ಹೇಳುತ್ತಿದ್ದದ್ದು ಮೈವಳಿಕೆಯೇ.

ಹಿಡಿ ಅಂದರೆ ಗಿಳಿಯ ಬಾಲ. ಬಾಲದ ಉದ್ದಕ್ಕೂ ಮೀನಿನ ಮುಳ್ಳಿನ ಹಾಗೆ ಓರೆ ಗೀರುಗಳಿವೆ. ಗರಿ ಎಂದು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಗರಿ ತೋರಿಸುವುದಷ್ಟೇ ಕೆಲಸವಾಗಿದ್ದರೆ ರೆಕ್ಕೆಯ ಮೇಲೂ ಅಷ್ಟೇ ಆಳದ ಗೀರು ಬೇಕಿತ್ತು. ರೆಕ್ಕೆಯ ಮೇಲೆ ಇದ್ದದ್ದು ಉಗುರಿಗೂ ಸಿಕ್ಕದಷ್ಟು ತೆಳು ಗೀರು. ಬಾಲದ್ದು ಮಾತ್ರ ಆಳ. ಎಣ್ಣೆ ಕೈ, ಬೆವರು ಕೈ ಜಾರಬಾರದು, ಅದಕ್ಕೊಂದು ಹಿಡಿತ ಬೇಕು. ಆ ಹಿಡಿತಕ್ಕೆ ಕಂಚುಗಾರ ಗರಿಯ ವೇಷ ಹಾಕಿದ್ದಾನೆ. ಅಂದವೋ ಉಪಯೋಗವೋ ಎಂದು ವಾದ ಮಾಡುವವರು ಸಿಕ್ಕರೆ ಮಾತಾಡಬೇಡಿ, ಅವರ ಕೈಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಈ ಬಾಲ ಹಿಡಿಸಿ.

ಈಗ ಬಾಲದ ಬಲಮಗ್ಗುಲನ್ನು ಸವರಿ. ಅಲ್ಲಿ ಗರಿ ಇಲ್ಲ. ಸವೆದ ಸೋಪಿನ ಹಾಗೆ ನುಣ್ಣಗಿದೆ, ನಡುವೆ ಒಂದು ಸಣ್ಣ ತಗ್ಗು. ನಿಮ್ಮ ಹೆಬ್ಬೆರಳನ್ನು ಆ ತಗ್ಗಿನಲ್ಲಿ ಕೂರಿಸಲು ನೋಡಿ. ಬಲಗೈಯಲ್ಲಿ ಹಿಡಿದಿದ್ದರೆ ಆಗುವುದಿಲ್ಲ, ಹೆಬ್ಬೆರಳು ಆಚೆ ಮಗ್ಗುಲಿಗೆ ಹೋಗುತ್ತದೆ. ಅಡಕತ್ತರಿಯನ್ನು ಎಡಗೈಗೆ ಬದಲಾಯಿಸಿ. ಕೂತಿತಲ್ಲ?

ಅಮ್ಮಮ್ಮ ಎಡಚಿ. ಎಡಗೈಯಲ್ಲಿ ಉಣ್ಣಲು ಬಿಡಲಿಲ್ಲ, ಬರೆಯಲು ಬಿಡಲಿಲ್ಲ, ಬಂದವರಿಗೆ ಕುಂಕುಮ ಕೊಡಲಂತೂ ಸುತರಾಂ ಬಿಡಲಿಲ್ಲ. ಬಾಲ್ಯದಲ್ಲಿ ತಿಂದ ಪೆಟ್ಟಿನಿಂದ ಎಲ್ಲ ಕೆಲಸಕ್ಕೂ ಬಲಗೈ ಕಲಿತಳು. ಅಡಿಕೆ ಕತ್ತರಿಸುವಾಗ ಮಾತ್ರ ಯಾರೂ ಅವಳ ಕೈ ನೋಡಲಿಲ್ಲ. ಎಡಗೈ ತನ್ನ ಇಷ್ಟದ ಹಾಗೆ ಅರವತ್ತು ಚಿಲ್ಲರೆ ವರ್ಷ ಒತ್ತಿದ್ದು ಈ ಒಂದು ಜಾಗವನ್ನು.

ಗಮನಿಸಿ: ಇದನ್ನು ಶೋಕೇಸಿನಲ್ಲಿ ಇಡಲು ಹೊರಟವರು ಯಾವಾಗಲೂ ಎಡಮಗ್ಗುಲನ್ನೇ ಮುಂದೆ ಮಾಡುತ್ತಾರೆ. ಆ ಕಡೆ ಗರಿ ಚೆನ್ನಾಗಿದೆಯಂತೆ.

ಹಂತ 2: ತೆರೆಯಿರಿ, ಮುಚ್ಚಿ

ಮೊಳೆಯ ಹಿಂದೆ ಬಾಲ, ಮುಂದೆ ತಲೆ. ಬಾಲ ಎತ್ತಿದರೆ ಗಿಳಿ ಕೊಕ್ಕು ಬಗ್ಗಿಸುತ್ತದೆ, ಕಾಳು ಹೆಕ್ಕಲು ಹೋದ ಹಾಗೆ. ಬಾಲ ಅದುಮಿದರೆ ಅಡಿಕೆ ಕಟಕ್ಕೆಂದು ಎರಡಾಗುವ ಹೊತ್ತಿಗೆ ತಲೆ ಎತ್ತಿ ನಿಮ್ಮನ್ನು ನೋಡುತ್ತದೆ. ಒಂದು ಕವಳಕ್ಕೆ ಏಳೆಂಟು ಸಲವಾದರೂ ಬಾಗಿ ಏಳುತ್ತದೆ. ಚಿಕ್ಕಂದಿನಲ್ಲಿ ನಾವೆಲ್ಲ ಅಮ್ಮಮ್ಮನ ಮುಂದೆ ಕೂರುತ್ತಿದ್ದದ್ದು ಕತೆ ಕೇಳಲೆಂದು ಅವಳು ತಿಳಿದಿದ್ದಳು.

ಬಾದಾಮಿಯ ಮೊದಲನೆಯ ಗುಹೆಯ ಬಾಗಿಲ ಬಳಿ 6ನೇ ಶತಮಾನದ ನಟರಾಜನಿದ್ದಾನೆ, ಹದಿನೆಂಟು ಕೈ. ಕಲ್ಲು ಕದಲಲಾರದು, ಕುಣಿತವನ್ನು ತೋರಿಸಲೇಬೇಕು. ಶಿಲ್ಪಿ ಕುಣಿತದ ಎಲ್ಲ ಗಳಿಗೆಗಳ ಕೈಗಳನ್ನೂ ಒಟ್ಟಿಗೆ ಬಿಡಿಸಿಟ್ಟ. ಮರಳುಗಲ್ಲಿನ ಮೇಲೆ ಆ ಕೈಗಳು ಬೀಸಣಿಗೆಯಂತೆ ಹರಡಿಕೊಂಡಿವೆ. ಯಾವ ಜೋಡಿಯನ್ನು ಆರಿಸಿಕೊಂಡರೂ ಒಂದು ಭಂಗಿ ಸಿಗುತ್ತದೆ. ನಮ್ಮ ಕಂಚುಗಾರನಿಗೆ ಅಷ್ಟು ತಾಪತ್ರಯ ಇರಲಿಲ್ಲ. ಅವನು ಒಂದು ಮೊಳೆ ಹೊಡೆದ.

ಅಡಿಕೆಯನ್ನು ಮೊಳೆಗೆ ಆದಷ್ಟು ಹತ್ತಿರ ಇಡಿ. ಶಾಲೆಯಲ್ಲಿ ಎರಡನೇ ದರ್ಜೆಯ ಸನ್ನೆ ಎಂದು ಓದಿದ್ದು ನೆನಪಿದ್ದರೆ ಅದೇ ಇದು. ಅಡಿಕೆ ಮೊಳೆಯಿಂದ ಒಂದು ಅಂಗುಲ ದೂರದಲ್ಲಿ, ಕೈ ಐದು ಅಂಗುಲ ದೂರದಲ್ಲಿ ಇದ್ದರೆ ನಿಮ್ಮ ಒತ್ತಡ ಅಡಿಕೆಗೆ ಐದು ಪಟ್ಟಾಗಿ ತಟ್ಟುತ್ತದೆ. ಅಂದರೆ ಬಾಲದ ಉದ್ದವನ್ನು ನಿರ್ಧರಿಸಿದ್ದು ಒಣಗಿದ ಅಡಿಕೆಯ ಗಡಸುತನ. ಉದ್ದ ಬಾಲ ಬೇಕೇ ಬೇಕು. ಹಾಗಾದರೆ ಯಾವ ಹಕ್ಕಿ? ನಮ್ಮ ತೋಟಕ್ಕೆ ಬರುವ ಕೆಂಪು ಕೊಕ್ಕಿನ ಗಿಳಿಯನ್ನು ನೋಡಿ, ಅದರ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ನವಿಲಿನ ಅಡಕತ್ತರಿ ಕಂಡಿದ್ದೇನೆ, ಕುದುರೆಯದೂ ಉಂಟು. ಗುಬ್ಬಚ್ಚಿಯ ಅಡಕತ್ತರಿಯನ್ನು ನಾನಂತೂ ಕಂಡಿಲ್ಲ. ಪುಣೆಯ ರಾಜಾ ದಿನಕರ ಕೇಳ್ಕರ್ ಮ್ಯೂಸಿಯಮ್ಮಿನಲ್ಲಿ ಅಡಕತ್ತರಿಗಳದೇ ಒಂದು ಸಂಗ್ರಹವಿದೆ. ಹೋದರೆ ಅಲ್ಲಿನ ಆಕೃತಿಗಳನ್ನೆಲ್ಲ ಈ ಲೆಕ್ಕದಲ್ಲಿ ನೋಡಿ: ಯಾವ ಪ್ರಾಣಿಯ ಯಾವ ಭಾಗ ನಿಮ್ಮ ಅಂಗೈಗೆ ಬರುತ್ತದೆ? ಗಾಜಿನ ಆಚೆ ಇರುವುದರಿಂದ ಅಂಗೈಗೆ ಬರುವುದಿಲ್ಲ, ಅದು ಬೇರೆ ಮಾತು.

ಪ್ರಮಾಣದ ಬಗ್ಗೆ ಒಂದು ಅನುಬಂಧ (ಆತುರದವರು ಬಿಡಬಹುದು)

ವಿಗ್ರಹ ಕೆತ್ತುವವರಿಗೆ ತಾಲಮಾನ ಎಂಬ ಲೆಕ್ಕವಿದೆ. ಮುಖದ ಉದ್ದ ಒಂದು ತಾಲ, ಅದು ಹನ್ನೆರಡು ಅಂಗುಲ. ನವತಾಲ ಎಂದರೆ ಒಟ್ಟು 108 ಅಂಗುಲ. ಇಲ್ಲಿ ಅಂಗುಲ ಎಂದರೆ ಟೇಪಿನಲ್ಲಿ ಅಳೆಯುವ ಇಂಚಲ್ಲ, ಆ ವಿಗ್ರಹದ್ದೇ ಪಾಲು. ವಿಗ್ರಹ ಬೆಳೆದರೆ ಅಂಗುಲವೂ ಬೆಳೆಯುತ್ತದೆ. ನಮ್ಮ ಗಿಳಿಗೂ ಇಂಥದೊಂದು ತಾಲವಿದೆ, ಅಡಿಕೆಯೇ ಅದರ ತಾಲ. ಅಲಗಿನ ಬಾಗು ಅಡಿಕೆಯ ಬೆನ್ನಿನಷ್ಟು, ಬಾಯಿ ತೆರೆಯುವುದು ಅಡಿಕೆ ಹಿಡಿಸುವಷ್ಟು, ಬಾಲ ಅಡಿಕೆ ಒಡೆಯುವಷ್ಟು.

ಇನ್ನೊಂದು ತುದಿಯಲ್ಲಿ ಶ್ರವಣಬೆಳಗೊಳದ ಗೊಮ್ಮಟ, 58 ಅಡಿ. ಅಲ್ಲಿನ 12ನೇ ಶತಮಾನದ ಕನ್ನಡ ಶಾಸನದಲ್ಲಿ ಕವಿ ಬೊಪ್ಪಣ ಎತ್ತುವ ಪ್ರಶ್ನೆ ಇವತ್ತಿನ ಡಿಸೈನ್ ಶಾಲೆಯಲ್ಲೂ ಕೇಳಬಹುದಾದದ್ದು: ಮೂರ್ತಿ ಬಹಳ ಎತ್ತರವಾದರೆ ಅದಕ್ಕೆ ಚೆಲುವು ಒದಗುವುದು ಕಷ್ಟವಲ್ಲವೇ? ಗೊಮ್ಮಟನಿಗೆ ಎರಡೂ ಒದಗಿದೆ ಎಂಬುದು ಅವನ ಹೊಗಳಿಕೆ. ನನಗೆ ಬೊಪ್ಪಣನ ಅನುಮಾನದ ಮೇಲೆ ಪ್ರೀತಿ. ಸಣ್ಣ ವಸ್ತುವಿಗೆ ಮುದ್ದು ಪುಕ್ಕಟೆ ಸಿಗುತ್ತದೆ, ಏನನ್ನು ಕುಗ್ಗಿಸಿದರೂ ಮುದ್ದಾಗುತ್ತದೆ, ಕೀ ಚೈನಿನ ಗೊಮ್ಮಟ ಕೂಡ. ಆ ಮುದ್ದಿಗೆ ಮರುಳಾಗದೆ ಸಣ್ಣದನ್ನು ನೋಡುವುದು ಕಲಿಯಬೇಕಾದ ವಿದ್ಯೆ.

ಬೆಟ್ಟ ಹತ್ತಿದಾಗ ಮುಖ ನೋಡಿ ಆದ ಮೇಲೆ ಕಾಲ ಬಳಿ ನೋಡಿ. ತೊಡೆಯ ತನಕ ಹುತ್ತ ಬೆಳೆದಿದೆ. ಬಾಹುಬಲಿ ಎಷ್ಟು ಕಾಲ ನಿಂತಿದ್ದ ಎಂದು ಹೇಳುವುದಕ್ಕೆ ಹುತ್ತ, ಬಳ್ಳಿ. ಸರಿ. ಆದರೆ ಅಷ್ಟು ಎತ್ತರದ ಕಲ್ಲನ್ನು ಕೆಳಗೆ ಆಸರೆಯಾಗಿ ಹಿಡಿದಿರುವುದೂ ಅದೇ ಹುತ್ತದ ಬಂಡೆ. ತೊಡೆಯಿಂದ ಮೇಲಕ್ಕೆ ಮೂರ್ತಿಗೆ ಯಾವ ಆಧಾರವೂ ಇಲ್ಲ. ಕಂಬ ಕೊಟ್ಟಿದ್ದರೆ ಕಂಬವೇ ಕಣ್ಣಿಗೆ ಹೊಡೆಯುತ್ತಿತ್ತು. ಹುತ್ತ ಕೊಟ್ಟದ್ದರಿಂದ ಅದು ಕತೆಯೊಳಗೆ ಅಡಗಿ ಕೂತಿತು. ಗಿಳಿಯ ಬಾಲದ ಗರಿಯನ್ನು ಮತ್ತೊಮ್ಮೆ ಸವರಿ ನೋಡಿ.

ಹಂತ 3:

(ಈ ಜಾಗವನ್ನು ಬೇಕೆಂದೇ ಖಾಲಿ ಬಿಟ್ಟಿದೆ.)

ಹಂತ 3ರ ವಿವರಣೆ

ಅಡಕತ್ತರಿಯನ್ನು ಪೂರ್ತಿ ಮುಚ್ಚಿ ಬೆಳಕಿಗೆ ಹಿಡಿಯಿರಿ. ಎರಡು ಹಿಡಿಗಳ ನಡುವೆ ಒಂದು ಖಾಲಿ ಇದೆ, ಮಾವಿನ ಎಲೆಯ ಆಕಾರದ್ದು. ಮುಂದೆ ಅಲಗು ಕೆಳಗಿನ ಸರಳಿಗೆ ತಾಗಿದೆ, ಹಿಂದೆ ಬಾಲದ ತುದಿಯೂ ಮೊಗ್ಗೂ ಇನ್ನೇನು ತಾಗುವಂತಿವೆ, ನಡುವೆ ಮಾತ್ರ ಎರಡೂ ದೂರ ಸರಿದಿವೆ. ಗಿಳಿಯನ್ನು ಮಾಡಿದಷ್ಟೇ ಜತನದಿಂದ ಈ ಖಾಲಿಯನ್ನೂ ಮಾಡಿದ್ದಾರೆ. ಅಡಿಕೆ ತಟ್ಟನೆ ಒಡೆದು ಹಿಡಿಗಳು ಅಪ್ಪಳಿಸಿದಾಗ ನಿಮ್ಮ ಬೆರಳು ಇರುವುದು ಅಲ್ಲಿ. ಅಮ್ಮಮ್ಮನ ಎರಡು ಪದವನ್ನು ಹಿತ್ತಾಳೆಯಲ್ಲಿ ಬರೆದರೆ ಈ ಆಕಾರ ಬರುತ್ತದೆ. ನಾವು ಮಕ್ಕಳು ಆ ತೂತಿನಲ್ಲಿ ಕಣ್ಣಿಟ್ಟು ಅಂಗಳ ನೋಡುತ್ತಿದ್ದೆವು. ಅಂಗಳದ ಅಡಿಕೆ ಚಪ್ಪರ ಎಲೆಯ ಆಕಾರಕ್ಕೆ ಬರುತ್ತಿತ್ತು.

ಮೇಷ್ಟ್ರು ಬೋರ್ಡಿನ ಮೇಲೆ ಬರೆಸಿದ 'ಅವಕಾಶ' ಇದು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ, ಬೇಲೂರಿನಲ್ಲಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿ. ಸೂರಿನ ಕೆಳಗೆ ಮದನಿಕೆಯರು, ಒಳಗಿನ ನಾಲ್ವರೂ ಸೇರಿ 42. ಕಂಬಕ್ಕೂ ಸೂರಿಗೂ ನಡುವೆ ಓರೆಯಾಗಿ ನಿಲ್ಲಿಸಿದ್ದಾರೆ, ಅದಕ್ಕೇ ಕೆಳಗೆ ನಿಂತವರತ್ತ ಅವರು ಬಾಗಿದಂತೆ ಕಾಣುತ್ತದೆ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. ಮೆತ್ತಗಿದ್ದಾಗಲೇ ಉಳಿಯನ್ನು ಬಳ್ಳಿಯ ಹಿಂದಕ್ಕೆ, ತೋಳಿನ ಹಿಂದಕ್ಕೆ, ಒಡವೆಯ ಹಿಂದಕ್ಕೆ ನುಗ್ಗಿಸಿದ್ದಾರೆ. ಗೈಡು ಟಾರ್ಚು ಬಿಟ್ಟು ಹಲಸಿನ ಹಣ್ಣು, ಅದರ ಮೇಲೆ ಕೂತ ನೊಣ, ನೊಣಕ್ಕೆ ಹೊಂಚು ಹಾಕಿದ ಹಲ್ಲಿ ಎಂದು ತೋರಿಸುತ್ತಾನೆ. ಎಲ್ಲರೂ ನೊಣ ನೋಡಿ ಬೆರಗಾಗುತ್ತಾರೆ. ನಾನು ನೋಡುತ್ತಿದ್ದದ್ದು ಎಲೆಗಳ ಹಿಂದಿನ ಕತ್ತಲೆಯನ್ನು. ಆ ಕತ್ತಲೆ ಇಲ್ಲದಿದ್ದರೆ ಎಲೆಗೆ ಅಂಚಿಲ್ಲ, ನೊಣಕ್ಕೆ ಕಾಲಿಲ್ಲ. ರೇಖೆ ಎಂದು ನಾವು ಕರೆಯುವುದು ಅಲ್ಲಿ ಯಾರೂ ಎಳೆದದ್ದಲ್ಲ, ಕಲ್ಲು ತೆಗೆದ ಜಾಗಕ್ಕೆ ನೆರಳು ಬಂದು ಕೂತಿರುವುದು ಅಷ್ಟೇ.

ಹಂತ 4: ಕತ್ತರಿಸಿ

ಇಷ್ಟು ಓದಿದ ಮೇಲೆ ಒಂದು ಅಡಿಕೆಯನ್ನಾದರೂ ಕತ್ತರಿಸಲೇಬೇಕು. ಚಾಲಿ ಅಡಿಕೆ ತನ್ನಿ, ತೊಟ್ಟಿನ ಭಾಗ ಕೆಳಗೆ ಮಾಡಿ ಇಡಿ, ಅದುಮಿ. ಒಳಗಿನ ಚಿತ್ತಾರ ನೋಡಿ: ಬಿಳಿಯ ಮೈಯಲ್ಲಿ ಕಂದು ನರಗಳು, ಅಂಚಿನಿಂದ ನಡುವಿಗೆ ಹರಿದು ಬಂದು ಅಲ್ಲಲ್ಲೇ ನಿಂತಿರುತ್ತವೆ. ಒಂದರ ಹಾಗೆ ಇನ್ನೊಂದು ಇಲ್ಲ. ಹಿತ್ತಾಳೆಯ ಹಳದಿ, ಕಬ್ಬಿಣದ ಕಪ್ಪು, ಅಡಿಕೆಯ ಈ ಕಂದು: ಬಣ್ಣದ ಪಾಠ ಇಷ್ಟೇ. ಹೆಚ್ಚು ಬೇಕಾದವರು ಎಲೆಗೆ ಸುಣ್ಣ ಹಚ್ಚಿ ಕೆಂಪು ಬರಿಸಿಕೊಳ್ಳಬಹುದು. ಮುನ್ನೆಚ್ಚರಿಕೆ ಭಾಗ ನೋಡಿ.

ತಯಾರಿಕೆ

ಈ ಕೈಪಿಡಿಗೆ ಒಬ್ಬ ಮುತ್ತಜ್ಜ ಇದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'. ರಾಜನಾದವನು ಹೇಗೆ ಸ್ನಾನ ಮಾಡಬೇಕು, ಏನು ಉಣ್ಣಬೇಕು, ಆನೆ ಹೇಗಿರಬೇಕು, ಎಲ್ಲಕ್ಕೂ ಅಲ್ಲಿ ಸೂಚನೆಯಿದೆ. ಅದೇ ಪುಸ್ತಕದ ಒಂದು ಕಡೆ ತಾಂಬೂಲ ಸವಿಯುವ ಭೋಗದ ವಿವರಣೆ, ಇನ್ನೊಂದು ಕಡೆ ಮೇಣದ ಎರಕದಲ್ಲಿ ವಿಗ್ರಹ ಮಾಡುವ ಕ್ರಮ. ಎರಡನ್ನೂ ಒಂದೇ ವಸ್ತುವಿನಲ್ಲಿ ಕೂಡಿಸಿದರೆ ಅಡಕತ್ತರಿ ಎಂದು ದೊರೆಗೆ ಹೊಳೆದಿತ್ತೋ ಏನೋ.

ಎರಕದ ಕ್ರಮ ಇಂದಿಗೂ ಹೆಚ್ಚುಕಡಿಮೆ ಅದೇ. ಮೇಣದಲ್ಲಿ ಆಕೃತಿ ಮಾಡು, ಲೋಹ ಇಳಿಯಲು ನಾಳ ಕೂಡಿಸು, ನಯವಾದ ಮಣ್ಣನ್ನು ಒಂದರ ಮೇಲೊಂದು ಲೇಪಿಸಿ ನೆರಳಿನಲ್ಲಿ ಒಣಗಿಸು. ಮೇಣವನ್ನು ಮೊದಲೇ ತೂಗಿಟ್ಟುಕೋ, ಎಷ್ಟು ಲೋಹ ಬೇಕೆಂದು ಆ ತೂಕವೇ ಹೇಳುತ್ತದೆ. ಕಾಯಿಸಿದರೆ ಮೇಣ ಹರಿದುಹೋಗುತ್ತದೆ. ಅದು ಬಿಟ್ಟುಹೋದ ಟೊಳ್ಳಿಗೆ ಕರಗಿದ ಲೋಹ. ತಣಿದ ಮೇಲೆ ಅಚ್ಚನ್ನು ಒಡೆ. ಅಚ್ಚು ಒಡೆದದ್ದರಿಂದ ಇನ್ನೊಂದು ಅಂಥದ್ದೇ ಬರುವುದಿಲ್ಲ.

ಭೂತಕನ್ನಡಿ ಇದ್ದರೆ ತೆಗೆದುಕೊಂಡು ಗಿಳಿಯ ಕೊಕ್ಕಿನ ಕೆಳಗೆ, ಗಂಟಲು ಶುರುವಾಗುವ ಸಂದಿಯಲ್ಲಿ ನೋಡಿ. ಕಾಲು ಇಂಚಿಗೂ ಕಡಿಮೆಯ ಒಂದು ಅರ್ಧಚಂದ್ರ ಕಾಣುತ್ತದೆ. ಕೊಕ್ಕು ಕೂಡಿಸುವಾಗ ಮೆತ್ತಗಿನ ಮೇಣಕ್ಕೆ ತಾಗಿದ ಉಗುರಿನ ಗುರುತು. ಮೇಣ ಹೋಯಿತು, ಅಚ್ಚು ಹೋಯಿತು, ಉಗುರು ಹಿತ್ತಾಳೆಯಲ್ಲಿ ಉಳಿಯಿತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮದನಿಕೆಯರ ಪೀಠದಲ್ಲಿ ಹೆಸರು ಕೆತ್ತಿ ಹೋದರು. ನಮ್ಮವನು ಹೆಸರು ಹಾಕಲಿಲ್ಲ.

ಆದರೂ ಹೆಸರೊಂದಿದೆ. ಕೆಳಗಿನ ಸರಳಿನ ಒಳಮಗ್ಗುಲಲ್ಲಿ ಪಾತ್ರೆ ಅಂಗಡಿಯವರು ಚುಕ್ಕೆ ಚುಕ್ಕೆಯಾಗಿ ಕುಟ್ಟುವ ಬಗೆಯಲ್ಲಿ 'ಗ' ಎಂಬ ಅಕ್ಷರ. ನಮ್ಮ ಮನೆಯಲ್ಲಿ ಹಿಂದಿನ ನಾಲ್ಕು ತಲೆಮಾರಿನಲ್ಲಿ 'ಗ'ಕಾರದ ಹೆಸರಿನವರು ಇಲ್ಲ. ಉಡುಗೊರೆ ಕೊಟ್ಟವರ ಹೆಸರು ಎಂದು ದೊಡ್ಡ ಮಾವ. ಗಣಪತಿಯ ಹೆಸರು ಎಂದು ಚಿಕ್ಕಮ್ಮ. ಅಜ್ಜನ ಅಪ್ಪ ಕೈಸಾಲ ಕೊಡುತ್ತಿದ್ದರು, ಒತ್ತೆ ಇಟ್ಟವರು ಕೆಲವರು ಬಿಡಿಸಿಕೊಳ್ಳಲು ಬರಲೇ ಇಲ್ಲ ಎಂಬುದು ನನ್ನ ಅನುಮಾನ. ನಾವು ಇಷ್ಟು ಜತನ ಮಾಡಿದ ಮನೆತನದ ಒಡವೆ ಯಾರದೋ ಮನೆಯದಾಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ನಿಮ್ಮ ಹೆಸರು 'ಗ'ದಿಂದ ಶುರುವಾಗುವುದಾದರೆ ಈ ಪ್ಯಾರಾವನ್ನು ಯಾರಿಗೂ ತೋರಿಸಬೇಡಿ.

ನಿರ್ವಹಣೆ

ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ, ಹುಣಸೆಹಣ್ಣು ಮತ್ತು ಉಪ್ಪು. ಹುಣಸೆಯ ಹುಳಿ ಕಿಲುಬನ್ನು 'ತಿನ್ನುತ್ತದೆ', ಹಿತ್ತಾಳೆಯನ್ನು ಹೆಚ್ಚು ಮುಟ್ಟುವುದಿಲ್ಲ. ('ತಿನ್ನಿ' ಎಂದು ಎಲ್ಲೂ ಬರೆಯುವುದಿಲ್ಲ ಎಂದಿದ್ದೆ. ಇದು ಹುಣಸೆಗೆ ಹೇಳಿದ್ದು.) ಕೂಡಲೇ ತೊಳೆದು ಒರೆಸಿ. ಅಲಗಿಗೆ ಒಂದು ಹನಿ ಕೊಬ್ಬರಿ ಎಣ್ಣೆ, ಮೊಳೆಗೆ ಅರ್ಧ ಹನಿ. ಮುಗಿಯಿತು.

ಪಾಲಿಶ್ ಮಾಡಿಸಬೇಡಿ.

ಈ ವಾಕ್ಯವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುವ ಆಸೆ ನನಗಿತ್ತು. ಕಾರಣ ಕೇಳಿ. ಅಡಕತ್ತರಿ ನನ್ನ ಕೈಗೆ ಬಂದ ಹೊಸತು. ಮನೆಯಲ್ಲಿ ಗೃಹಪ್ರವೇಶ, ನಡುಮನೆಯಲ್ಲಿ ಲೈಟಿರುವ ಗಾಜಿನ ಗೂಡು ಮಾಡಿಸಿದ್ದೆವು. ಗೂಡಿಗೆ ಏನಾದರೂ 'ಆ್ಯಂಟಿಕ್' ಬೇಕು ಎಂದಾಯಿತು. ಅಡಕತ್ತರಿ ಕಂದು ಬಣ್ಣಕ್ಕೆ ತಿರುಗಿತ್ತು, ಸಂದುಗಳಲ್ಲಿ ಹಸಿರು. ನಗರದ ಒಂದು ಅಂಗಡಿಗೆ ಕೊಟ್ಟೆ. 'ಹೊಸದರ ಥರ ಮಾಡಿಕೊಡ್ತೀವಿ ಸರ್' ಎಂದರು. ಮಾಡಿಕೊಟ್ಟರು. ತಪ್ಪು ಅವರದು ಎಂದು ಹೇಗೆ ಹೇಳಲಿ, ನಾನು ಕೇಳಿದ್ದನ್ನೇ ಕೊಟ್ಟರು. ಹುಣಸೆಹಣ್ಣಿಗೂ ಮೋಟಾರಿಗೆ ಕಟ್ಟಿದ ಬಟ್ಟೆಯ ಚಕ್ರಕ್ಕೂ ಇರುವ ಅಂತರ ನನಗೆ ತಿಳಿದಿರಲಿಲ್ಲ. ಚಕ್ರ ಕೊಳೆಯ ಜೊತೆಗೆ ಲೋಹವನ್ನೂ ಉಜ್ಜಿ ತೆಗೆಯುತ್ತದೆ, ಅದೂ ಮೊದಲು ಎತ್ತರವಾಗಿರುವ ಕಡೆ.

ಗೂಡಿನ ದೀಪದ ಕೆಳಗೆ ಇಟ್ಟು ನೋಡಿದೆ. ಚಿನ್ನದ ಹಾಗೆ ಹೊಳೆಯುತ್ತಿತ್ತು. ರೆಕ್ಕೆಯ ತೆಳು ಗೀರು ಅಳಿಸಿಹೋಗಿತ್ತು. ಬಾಲದ ಗರಿ ಅರ್ಧ ಆಳಕ್ಕೆ ಬಂದಿತ್ತು. ಇವನ್ನೆಲ್ಲ ಆಮೇಲೆ ಲೆಕ್ಕ ಹಾಕಿದೆ. ಮೊದಲು ಕಂಡದ್ದು ಮುಖ. ಗಿಳಿಗೆ ಕಣ್ಣಿರಲಿಲ್ಲ. ಒಂದು ಬಳೆ, ಬಳೆಯೊಳಗೊಂದು ಚುಕ್ಕೆ, ಉಳಿಯ ಒಂದೇ ಏಟಿಗೆ ಬೀಳುವಂಥದು; ಅಷ್ಟೇ ಇದ್ದದ್ದು ಅದರ ಕಣ್ಣು. ಎರಡೂ ಕಡೆ ಬೋಳಾಗಿತ್ತು. ಬಾಲ ಅದುಮಿದರೆ ಈಗಲೂ ತಲೆ ಎತ್ತುತ್ತಿತ್ತು, ನೋಡುತ್ತಿರಲಿಲ್ಲ.

ದೇವರ ವಿಗ್ರಹಕ್ಕೆ ಕಣ್ಣನ್ನು ಕಟ್ಟಕಡೆಗೆ ಬಿಡಿಸುತ್ತಾರೆ, ಅದಕ್ಕೇ ಬೇರೆ ಮುಹೂರ್ತ, ಬೇರೆ ವಿಧಿ, ನೇತ್ರೋನ್ಮೀಲನ ಎಂದು ಹೆಸರು. ಅಲ್ಲಿಯ ತನಕ ಅದು ಲೋಹ, ಆಮೇಲೆ ದೇವರು. ಅಡಕತ್ತರಿಗೆ ಮುಹೂರ್ತ ಇಟ್ಟವರು ಯಾರೂ ಇರಲಾರರು. ಆದರೂ ಅದೇ ಅಂಗಡಿಯವರು 'ಬೇಕಾದ್ರೆ ಎರಡು ಚುಕ್ಕೆ ಹೊಡೆದುಕೊಡ್ತೀವಿ' ಎಂದಾಗ ಬೇಡ ಎಂದು ಎತ್ತಿಕೊಂಡು ಬಂದೆ. ಯಾಕೆ ಬೇಡ ಎಂದೆ ಎಂದು ಕೇಳಿದರೆ ಈಗಲೂ ಉತ್ತರ ಇಲ್ಲ. ಹಿತ್ತಾಳೆ ಸಾಮಾನಿಗೆ ಇಷ್ಟು ಸಂಕಟಪಡುವವರನ್ನು ಕಂಡು ಮನೆಯಲ್ಲಿ ನಕ್ಕರು, ನಾನೂ ನಕ್ಕೆ.

ಬೀದರಿನ ಬಿದರಿ ಕೆಲಸದವರನ್ನು ಆಮೇಲೆ ನೋಡಿದಾಗ ಹೊಟ್ಟೆ ಉರಿಯಿತು. ಸತುವಿಗೆ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಕೊನೆಗೆ ಕೋಟೆಯ ಮಣ್ಣು, ನವಸಾಗರದ ನೀರಿನಲ್ಲಿ ಅದನ್ನು ಬೇಕೆಂದೇ ಕಪ್ಪು ಮಾಡುತ್ತಾರೆ. ಬೆಳ್ಳಿ ಮಾತ್ರ ಬಿಳಿಯಾಗಿ ಉಳಿಯುತ್ತದೆ. ಕಪ್ಪಾಗುವುದೇ ಅಲ್ಲಿ ಕೆಲಸದ ಕೊನೆಯ ಹಂತ, ನಾನು ದುಡ್ಡು ಕೊಟ್ಟು ತೆಗೆಸಿದ್ದು ಅದನ್ನೇ.

ತೊಂದರೆ ಮತ್ತು ಪರಿಹಾರ

ಮೊಳೆ ಸಡಿಲ: ಸಣ್ಣ ಸುತ್ತಿಗೆಯಿಂದ ಒಂದೇ ಏಟು. ಎರಡನೆಯದು ಬೇಡ, ಬಿಗಿಯಾದರೆ ಗಿಳಿ ಅರ್ಧಕ್ಕೆ ನಿಲ್ಲುತ್ತದೆ.

ಅಲಗು ಮೊಂಡು: ಅಮ್ಮಮ್ಮ ಬಚ್ಚಲ ಕಲ್ಲಿಗೆ ಮಸೆಯುತ್ತಿದ್ದಳು. ಈಗಿನ ಬಚ್ಚಲಿನ ಟೈಲ್ಸಿಗೆ ಮಸೆಯಲು ಹೋಗಬೇಡಿ, ಹೋಗಿ ನೋಡಿದ್ದೇನೆ.

ಮನೆಯಲ್ಲಿ ಅಡಿಕೆ ತಿನ್ನುವವರಿಲ್ಲ: ಇದು ಎಲ್ಲಕ್ಕಿಂತ ದೊಡ್ಡ ತೊಂದರೆ, ನಮ್ಮ ಮನೆಯದೂ ಅದೇ. ಅಡಕತ್ತರಿಯನ್ನು ಗಾಜಿನ ಗೂಡಿನಿಂದ ತೆಗೆದು ಅಡುಗೆಮನೆಯ ಎರಡನೇ ಡ್ರಾಯರಿಗೆ ಹಾಕಿ. ಒಣ ಕೊಬ್ಬರಿ, ಬಾದಾಮಿ, ಅರಿಸಿನದ ಕೊಂಬು, ಮುಖ್ಯವಾಗಿ ಅಚ್ಚು ಬೆಲ್ಲ, ಎಲ್ಲಕ್ಕೂ ಆಗುತ್ತದೆ. ನಾವು ಬೆಳಗ್ಗೆ ಕಷಾಯಕ್ಕೆ ಬೆಲ್ಲ ಕತ್ತರಿಸುವುದು ಇದರಲ್ಲೇ. ಮಗಳಿಗೆ ಬಲಗೈ ಸಾಲದೆ ಎರಡೂ ಕೈ ಹಾಕುತ್ತಾಳೆ. ಕೈ ಹಾಗೆ ಹೀಗೆ ಎಂದು ನಾನು ಏನೂ ಹೇಳಲು ಹೋಗಿಲ್ಲ.

ಮೈ ಮತ್ತೆ ಮಂಕಾಗಿದೆ: ಆಗಲಿ.

ಗಿಳಿಗೆ ಒಂದೇ ಕಣ್ಣು: ನಾಲ್ಕು ವರ್ಷದ ಬೆಲ್ಲದ ಅಂಟು, ಅರಿಸಿನದ ಪುಡಿ, ಬೆರಳ ಜಿಡ್ಡು. ಚಕ್ರ ಚುಕ್ಕೆಯನ್ನು ಪೂರ್ತಿ ಅಳಿಸಿರಲಿಲ್ಲ ಎಂದು ಕಾಣುತ್ತದೆ, ಸೂಜಿಮೊನೆಯಷ್ಟು ತಗ್ಗು ಉಳಿದಿತ್ತು. ಜಿಡ್ಡು ಅಲ್ಲಿ ಕೂತು ಹಿತ್ತಾಳೆ ಕಪ್ಪಾಗಿ ಬಲಗಣ್ಣು ಬಂದಿದೆ, ಬಳೆಯಿಲ್ಲದೆ ಚುಕ್ಕೆ ಮಾತ್ರ. ಎಡಗಡೆ ಒಂದು ಕಂದು ಕಲೆ ಕಾಣಿಸಿಕೊಂಡಿದೆ. ಕೊಳೆಯೋ ಕಣ್ಣೋ ಇನ್ನೂ ಹೇಳುವಂತಿಲ್ಲ. ತೊಳೆಯುವಾಗ ಆ ಜಾಗ ಬಿಟ್ಟು ತೊಳೆಯಿರಿ.